ರಾಸಿ ಮಾವನ ಮೂಗು

ರಾಸಿ ಮಾವ ಹೋದ ತಿಂಗಳು ತೀರಿಕೊಂಡರು. ಕ್ಯಾನ್ಸರಿನಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನಂಥವರು ಮುಂದಿನ ಸಾಲಿಗೆ ಬರುವ ಮೊದಲೇ ಎದ್ದು ಹೋಗಿ ಕನ್ನಡಿಯ ಮುಂದೆ ನಿಂತಿರುತ್ತಾರೆ. ಮಧ್ಯಾಹ್ನ ಉಂಡು, ಮಜ್ಜಿಗೆಗೆ ಉಪ್ಪು ಸಾಲದೆಂದು ಅತ್ತೆಯ ಮೇಲೆ ರೇಗಿ, ಉಪ್ಪು ಹಾಕಿಸಿಕೊಂಡು ಕುಡಿದು ಮಲಗಿದವರು ಏಳಲಿಲ್ಲ. ಎಂಬತ್ತರ ಆಸುಪಾಸಿನ ವಯಸ್ಸು. ಕೆಲವು ವರ್ಷಗಳ ಹಿಂದೆ ಚರ್ಮದ ಡಾಕ್ಟರಮ್ಮ ಅವರಿಗೆ, "ಇದರಿಂದ ನೀವು ಸಾಯೋದಿಲ್ಲ" ಎಂದಿದ್ದರು. ಆ ಮಾತನ್ನು ಮಾವ ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡಿನಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು. ಡಾಕ್ಟರಮ್ಮನ ಮಾತು ಉಳಿಯಿತು.

ನಮ್ಮ ಬೀದಿಗೆಲ್ಲ ಮಾವನಾದ ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗುವುದಿಲ್ಲ, ಉಳಿದರ್ಧ ಜನಕ್ಕೆ ಓದಲು ಬರುವುದಿಲ್ಲ. ತಮಿಳುನಾಡಿನ ಅನ್ನೂರಿನ ಹತ್ತಿರದ ಈ ನೇಕಾರರ ಬೀದಿಯಲ್ಲಿ ಮನೆಯೊಳಗೆ ಎಲ್ಲರೂ ಕನ್ನಡ ಆಡುತ್ತಾರೆ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಯಾರಿಗೂ ಬೇಡವಾಯಿತು. ನಾನು ಕಲಿತದ್ದು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಹೆಂಡತಿಯಿಂದ. ತಮಿಳು, ಇಂಗ್ಲಿಷಿನ ಜೊತೆಗೆ ಮೂರನೆಯದೊಂದು ಭಾಷೆಯಲ್ಲೂ ರೋಗಗಳ ಬಗ್ಗೆ ಓದುವ ಅನುಕೂಲ ನನಗೆ ಹಾಗೆ ಸಿಕ್ಕಿತು.

ರಾಸಿ ಎಂದರೆ ಇಲ್ಲಿ ಪಂಚಾಂಗದ ರಾಶಿಯಲ್ಲ, ಕೈಗುಣ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ, ಮುಗಿದ ಹಾಸಿನ ತುದಿಗಳಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೆರಡು ಎಳೆ ಹೊಸೆಯುತ್ತ ಹೋಗುವ ಆ ಕೆಲಸದಲ್ಲಿ ಸಾವಿರಾರು ಎಳೆ, ಒಂದೇ ಬೆನ್ನು. ಹೆಚ್ಚಾಗಿ ಆ ಬೆನ್ನು ಹೆಂಗಸರದು. ಆದರೆ ಮೊದಲನೆಯ ಎಳೆಯನ್ನು ಮಾತ್ರ ರಾಸಿಯಿರುವ ಕೈಯೇ ಕೂಡಿಸಬೇಕು. ಆಗ ಹಾಸು ಹರಿಯದೆ ಓಡುತ್ತದೆ, ಸರಕು ನಿಲ್ಲದೆ ಹೋಗುತ್ತದೆ. ನಮ್ಮ ಬೀದಿಗೆ ಆ ಕೈ ಮಾವನದು. ಹಿಂದಿನ ದಿನ ತಾಂಬೂಲದ ತಟ್ಟೆ ಹಿಡಿದು ಕರೆದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು, ಕಣ್ಣು ಮುಚ್ಚಿ ಒಂದು ಎಳೆ ಹೊಸೆಯುತ್ತಿದ್ದರು, ಕಾಫಿ ಕುಡಿದು ತಾಂಬೂಲ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಅಷ್ಟೂ ಕೆಲಸಕ್ಕೆ ಕಾಲು ಗಂಟೆ. ಅದರಲ್ಲಿ ಕಾಫಿಯ ಪಾಲೇ ಹೆಚ್ಚು.

ಕೈಯ ರಾಸಿಗೆ ಮೂಲ ಮೂಗು ಎಂದು ಬೀದಿಯ ನಂಬಿಕೆ. ಅರವತ್ತು ದಾಟಿದ ಮೇಲೆ ಮಾವನ ಮೂಗಿನ ಬಲಗಡೆ ಸಾಸಿವೆಯಷ್ಟು ಒಂದು ಕಪ್ಪು ಮಚ್ಚೆ ಮೂಡಿತು. ಅದೇ ಹೊತ್ತಿಗೆ, ಬೀದಿಯಲ್ಲೇ ದೊಡ್ಡ ಮಗ್ಗದ ಶೆಡ್ಡಿನ ಯಜಮಾನನಾದ ಮೇಲ್ಮನೆ ಅಣ್ಣನಿಗೆ ತಿರುಪ್ಪೂರಿನ ಕಡೆಯಿಂದ ದೊಡ್ಡ ಆರ್ಡರೊಂದು ಸಿಕ್ಕಿತು. ಯಾರೋ ಗೋಡೆಯ ದಿನದರ್ಶಿಯ ಹಿಂಬದಿ ತಿರುಗಿಸಿ, ಹಲ್ಲಿ ಬಿದ್ದ ಫಲದ ಕೆಳಗಿದ್ದ ಮಚ್ಚೆಯ ಫಲ ಓದಿದರು: ಮೂಗಿನ ಬಲಕ್ಕೆ ಧನಯೋಗ. ಯಾರಿಗೆ ಧನ ಎಂದು ಅದರಲ್ಲಿರಲಿಲ್ಲ. ಮಾವನ ಸ್ವಂತ ಮಗ್ಗಗಳು ಮಾರಿಹೋದದ್ದೂ ಅದೇ ವರ್ಷ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಬೀದಿಯಲ್ಲಿ ಅತ್ತೆ ಒಬ್ಬರೇ. ಅವರನ್ನು ಯಾರೂ ಕೇಳಲಿಲ್ಲ.

ಮಚ್ಚೆ ಬೆಳೆಯಿತು. ಸಾಸಿವೆ ಉದ್ದಿನಕಾಳಾಯಿತು, ಉದ್ದಿನಕಾಳು ಹುಣಿಸೆಬೀಜದ ಕಡೆಗೆ ಹೊರಟಿತು. ಅಂಚು ಉಬ್ಬಿ ಮುತ್ತಿನ ಹಾಗೆ ಹೊಳೆಯತೊಡಗಿತು. ಮಾವ ಬೆಳಿಗ್ಗೆ ಅದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಹೊಳಪೆಲ್ಲ ಎಣ್ಣೆಯದೆಂದು ತಿಳಿದಿದ್ದರು. ಬೀದಿಯವರು ಹೊಳಪೆಲ್ಲ ರಾಸಿಯದೆಂದು ತಿಳಿದಿದ್ದರು. ಟವೆಲ್ಲಿನಿಂದ ಮುಖ ಒರೆಸಿದಾಗ ಕೆಲವೊಮ್ಮೆ ರಕ್ತ ಬರುತ್ತಿತ್ತು. ಹಕ್ಕಳೆ ಕಟ್ಟಿ ವಾಸಿಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಪಕ್ಕದ ಬೀದಿಯವರ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು.

ಇನ್ನು ನನ್ನ ವಿಷಯ. ನಾನು ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಗುಮಾಸ್ತ. ಅದು ಸಂಬಳದ ಕೆಲಸ. ಸಂಬಳವಿಲ್ಲದೆ ನಾನು ಮಾಡುವ ಕೆಲಸ ಚಿಂತೆ. ಕೊರೋನ ಕಳೆದ ಮೇಲೆ ಒಂದು ದಿನ ಕುತ್ತಿಗೆಯಲ್ಲಿ, ಕಾಲರಿನ ಕೆಳಗೆ, ಏನೋ ಕೈಗೆ ಸಿಕ್ಕಿತು. ಫೋನಿನಲ್ಲಿ ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ನನಗೆ ಬದುಕುವ ಆಸೆ ಉಳಿದಿರಲಿಲ್ಲ.

"ರೀ, ಹೋದ ವರ್ಷ ಹೃದಯ, ಅದರ ಹಿಂದಿನ ವರ್ಷ ಕಿಡ್ನಿ," ಎಂದಳು ನನ್ನ ಹೆಂಡತಿ. "ಈ ವರ್ಷ ಹೊರಗಡೆಗೆ ಬಂದಿದೀರಿ. ಸದ್ಯ, ನಮಗೂ ಕಾಣುತ್ತೆ."

ಡಾಕ್ಟರ ಹತ್ತಿರ ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ರಿಪೋರ್ಟು ಒಳ್ಳೆಯದು ಬರಬೇಕಾದರೆ ರಾಸಿಯಿರುವವರು ಜೊತೆಗಿರಬೇಕು ಎನ್ನಿಸಿತು. ವಿಜ್ಞಾನದ ಪದವಿ ಪಡೆದವನು ನಾನು. ಆದರೂ ಮಾವನ ಮನೆಯ ಜಗಲಿಗೆ ಹೋಗಿ, ತಾಂಬೂಲವೊಂದಿಲ್ಲ, ಉಳಿದೆಲ್ಲ ಕ್ರಮದಲ್ಲೇ ಕರೆದೆ. ಮಾವ ಬಿಳಿ ಅಂಗಿ ಹಾಕಿಕೊಂಡರು.

"ಬಯ ಬೇಡ ಕಣ್ಣು," ಎಂದು ಟೌನ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತೊಡೆ ತಟ್ಟಿದರು. ಕಣ್ಣು ಎಂದರೆ ನಮ್ಮ ಕಡೆ ಮುದ್ದಿನ ಕರೆ, ಐವತ್ತಾದವರಿಗೂ ಸಲ್ಲುತ್ತದೆ. "ನಾನ್ ಮುಟ್ಟಿದ ಪಾವು ಯಾವತ್ತಾದ್ರೂ ಹರಿದಿದೆಯಾ? ನೀನೂ ಹರಿಯೋದಿಲ್ಲ." ಪಾವು ಎಂದರೆ ಹಾಸು.

ಚರ್ಮದ ಡಾಕ್ಟರಮ್ಮ ನನ್ನ ಕುತ್ತಿಗೆಯನ್ನು ನೋಡಿದ ಹೊತ್ತು ಬಸ್ಸಿನಲ್ಲಿ ಟಿಕೆಟ್ ಹರಿಯುವಷ್ಟೂ ಇರಲಿಲ್ಲ. ಅವರು ಮಾತಾಡಿದ್ದು ತಮಿಳಿನಲ್ಲಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನರುಲಿ. ಕಾಲರ್ ಉಜ್ಜಿ ಬಂದಿದೆ. ಅದರ ಪಾಡಿಗೆ ಅದಿರಲಿ."

"ಬಯಾಪ್ಸಿ?"

"ಬೇಡ."

"ಸ್ಕ್ಯಾನು?"

ಡಾಕ್ಟರಮ್ಮನ ಕಣ್ಣು ಆಗಲೇ ಬೇರೆ ಕಡೆ ಇತ್ತು. ನನ್ನ ಹೆಗಲಿನ ಮೇಲಿಂದ ಹಿಂದೆ ಕುಳಿತಿದ್ದ ಮಾವನನ್ನು ನೋಡುತ್ತಿದ್ದರು. ಆಮೇಲೆ ತಮ್ಮ ಗಾಲಿ ಕುರ್ಚಿಯನ್ನು ಅವರ ಹತ್ತಿರ ಉರುಳಿಸಿಕೊಂಡು ಹೋಗಿ, ಮೂಗಿನ ಮೇಲೆ ಬೆಳಕಿನ ಭೂತಗನ್ನಡಿ ಹಿಡಿದರು.

"ಇದು ಎಷ್ಟು ವರ್ಷದಿಂದ ಇದೆ?"

"ರಾಸಿ ಮಚ್ಚೆಂಗ ಇದು," ಎಂದರು ಮಾವ ಹೆಮ್ಮೆಯಿಂದ. ಮಾತಿನ ಬಾಲದ ಆ ಉಂಗ ನಮ್ಮ ಕಡೆ ಮರ್ಯಾದೆಯ 'ರೀ'. "ನಮ್ಮ ಬೀದಿಯಲ್ಲಿ ಯಾರನ್ನಾದ್ರೂ ಕೇಳಿ."

"ರಕ್ತ ಬರುತ್ತಾ?"

"ಕಣ್ಣು ಬಿದ್ರೆ ಬರುತ್ತೇಂಗ."

"ವಾಸಿಯಾಗಿ ಮತ್ತೆ ಬರುತ್ತಾ?"

"ಮತ್ತೆ ಕಣ್ಣು ಬಿದ್ರೆ ಬರದೆ ಇರುತ್ತೇಂಗ?"

ಬಿಸಿಲಿನಲ್ಲಿ ಕೆಲಸ ಮಾಡಿದವರೇ ಎಂದು ಡಾಕ್ಟರಮ್ಮ ಕೇಳಿದಾಗ ಮಾವನಿಗೆ ನಗು ಬಂತು. ಅವರ ಪ್ರಾಯದ ಕಾಲದಲ್ಲಿ ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡಿ ಒಣಗಿಸುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷ ಮಾವನ ಬೆಳಗುಗಳೆಲ್ಲ ಆ ಬೀದಿಯಲ್ಲಿ, ಸೂರ್ಯನಿಗೆ ಮುಖ ಕೊಟ್ಟು ಕಳೆದಿದ್ದವು. "ನೆರಳಲ್ಲಿ ಗಂಜಿ ಒಣಗುತ್ತೇಂಗ?" ಎಂದರು.

ನಾನು ಮಧ್ಯೆ ಬಾಯಿ ಹಾಕಿದೆ. ನಮ್ಮಂಥ ಕಪ್ಪು ಚರ್ಮದವರಿಗೆ ಇಂಥದ್ದು ಬರುವುದಿಲ್ಲವೆಂದು ಫೋನಿನಲ್ಲಿ ಓದಿದ್ದೆನಲ್ಲ?

"ಕಡಿಮೆ ಬರುತ್ತೆ. ಬರೋದೇ ಇಲ್ಲ ಅಂತಲ್ಲ," ಎಂದರು ಡಾಕ್ಟರಮ್ಮ. "ನಮ್ಮ ಚರ್ಮದಲ್ಲಿ ಬಂದಾಗ ಕಪ್ಪಗೆ ಕಾಣುತ್ತೆ. ಮಚ್ಚೆ ಅಂದುಕೊಂಡು ಸುಮ್ಮನಿದ್ದುಬಿಡ್ತಾರೆ. ಎಣ್ಣೆ ಕೂಡ ಹಚ್ಚುತ್ತಾರೆ." ಮಾವ ಟವೆಲ್ಲಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ಒರೆಸಿಕೊಂಡರು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಮತ್ತೆ ನಾವಿಬ್ಬರೂ ಹೋದೆವು. ಬೇಸಲ್ ಸೆಲ್ ಕಾರ್ಸಿನೋಮ ಎಂದರು. ಚರ್ಮದ ಮೇಲ್ಪದರದ ಬುಡದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರು, ಲೋಕದಲ್ಲಿ ಅತಿ ಸಾಮಾನ್ಯವಾದದ್ದು, ಬಹಳ ನಿಧಾನದ್ದು. ರಕ್ತದ ಜೊತೆ ಹೊರಟು ಶ್ವಾಸಕೋಶಕ್ಕೋ ಲಿವರಿಗೋ ಹೋಗಿ ಕೂರುವುದು ತೀರಾ ಅಪರೂಪ. ಆದರೆ ಇದ್ದಲ್ಲೇ ಅಗೆಯುತ್ತ ಹೋಗುತ್ತದೆ: ಚರ್ಮ, ಅದರಡಿಯ ಮೆದುಮೂಳೆ, ಬಿಟ್ಟರೆ ಕಣ್ಣಿನ ಕಡೆಗೂ.

"ಇದರಿಂದ ನೀವು ಸಾಯೋದಿಲ್ಲ," ಎಂದರು ಡಾಕ್ಟರಮ್ಮ. "ಆದರೆ ಬಿಟ್ಟರೆ ಮೂಗು ಉಳಿಯೋದಿಲ್ಲ. ಈಗಲೇ ಪೂರ್ತಿ ಕತ್ತರಿಸಿ ತೆಗೆದರೆ ಗುಣವಾಗುತ್ತೆ."

ತಲೆ ಸುತ್ತಿ ಕುರ್ಚಿ ಹಿಡಿದುಕೊಂಡವನು ನಾನು. ನರ್ಸಮ್ಮ ನನಗೆ ನೀರು ಕೊಟ್ಟರು. ಮಾವ ತಮ್ಮ ಟವೆಲ್ಲಿನಿಂದ ನನಗೆ ಗಾಳಿ ಹಾಕಿದರು. "ಕಾಯಿಲೆ ನಂದು ಕಣ್ಣು. ನೀನ್ ಯಾಕ್ ಬೀಳ್ತೀಯ?"

ಅವರ ಭಯ ಬೇರೆಯೇ ಇತ್ತು. ಅದು ಬಸ್ಸು ಊರು ಮುಟ್ಟುವ ಹೊತ್ತಿಗೆ ಹೊರಬಂತು. ಕಿಟಕಿಯ ಕಡೆ ನೋಡುತ್ತ, "ಮಚ್ಚೆ ಹೋದ್ರೆ ನಾನ್ ಯಾರು?" ಎಂದರು. "ತರಿ ಇಲ್ಲದ ನೇಕಾರ. ನಮ್ ಬೀದೀಲಿ ಅಂಥವ್ರು ಬೇಕಾದಷ್ಟು ಜನ ಇದಾರೆ. ಅವರನ್ನ ಯಾರಾದ್ರೂ ಬಾ ಅಂತ ಕರೀತಾರಾ?" ತರಿ ಎಂದರೆ ಮಗ್ಗ. ಚಿಂತೆಯಲ್ಲಿ ಇಷ್ಟು ಅನುಭವವಿದ್ದೂ ಇಂಥದೊಂದು ಚಿಂತೆ ನನಗೆಂದೂ ಹೊಳೆದಿರಲಿಲ್ಲ.

ಸಂಜೆ ಮಾವನ ಜಗಲಿಯಲ್ಲಿ ಬೀದಿ ಸೇರಿತು. ಮೂಗು ಅವರೊಬ್ಬರ ಸ್ವತ್ತಲ್ಲವಾದ್ದರಿಂದ ಎಲ್ಲರ ಅಭಿಪ್ರಾಯ ಕೇಳುವುದು ನ್ಯಾಯವೆಂದು ಮಾವನೇ ಕರೆಸಿದ್ದರು. ಕ್ಯಾನ್ಸರು ಹೇಗೆ ರಾಸಿ ಕೊಡುತ್ತದೆ ಎಂಬುದರ ಮೇಲೆ ಮೊದಲು ಚರ್ಚೆಯಾಯಿತು. ಕೆಟ್ಟದ್ದನ್ನೆಲ್ಲ ಮೂಗು ತಾನು ಎಳೆದುಕೊಂಡು ಒಳ್ಳೆಯದನ್ನು ನಮಗೆ ಬಿಟ್ಟಿತು ಎಂದು ತೀರ್ಮಾನವಾಯಿತು. ಆಮೇಲೆ ಮೇಲ್ಮನೆ ಅಣ್ಣ ಗಂಟಲು ಸರಿಮಾಡಿಕೊಂಡ.

"ಮಾವ, ಡಾಕ್ಟ್ರೇ ನಿದಾನದ್ದು ಅಂದಿದಾರಲ್ಲ? ದೀಪಾವಳಿ ಆರ್ಡರು ಮುಗೀಲಿ. ಪೊಂಗಲ್ ಆದ್ಮೇಲೆ ತೆಗೆಸ್ಬಿಡೋಣ. ಕಾರು ನಾನೇ ಕಳಿಸ್ತೀನಿ."

ಮಾವ ತಲೆಯಾಡಿಸಿದರು. ನಿಜವಾಗಿಯೂ ಯೋಚಿಸುತ್ತಿದ್ದರು! ಆಗ ಅತ್ತೆ ಅಕ್ಕಿ ತೊಳೆಯುತ್ತಿದ್ದ ಪಾತ್ರೆಯ ಸಮೇತ ಬಾಗಿಲಿಗೆ ಬಂದರು.

"ಏನಪ್ಪಾ, ನಿನ್ ಪಾವು ಓಡ್ಬೇಕು ಅಂತ ನಮ್ ಮನೆಯವ್ರ ಮೂಗು ತಿನ್ನಿಸ್ಬೇಕಾ? ಅಷ್ಟು ರಾಸಿ ಬೇಕಿದ್ರೆ ಡಾಕ್ಟ್ರಿಗೆ ಹೇಳ್ತೀನಿ, ಕಿತ್ತು ನಿನ್ ಮೂಗಿಗೆ ಹೊಲಿದು ಕೊಡ್ಲಿ. ಪೊಂಗಲ್ ತನಕ ನೀನೇ ಇಟ್ಕೋ." ಮತ್ತೆ ಗಂಡನ ಕಡೆ ತಿರುಗಿ, "ಏನುಂಗ, ಆ ಮಚ್ಚೆ ಬಂದ ವರ್ಷ ನಮ್ ತರಿ ಹೋಯ್ತು. ಊರಿಗೆಲ್ಲ ರಾಸಿ, ನನಗೆ ಮಾತ್ರ ಎಣ್ಣೆ ಖರ್ಚು. ನಾಳೆ ಬೆಳಿಗ್ಗೆ ಬಸ್ಸು ಹತ್ತಿ," ಎಂದರು. ಅಕ್ಕಿ ತೊಳೆದ ನೀರನ್ನು ಅವರು ಬೀದಿಗೆ ಚೆಲ್ಲಿದ ರೀತಿ ನೋಡಿ ಸಭೆ ತಾನಾಗಿಯೇ ಮುಗಿಯಿತು.

ಮಚ್ಚೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮದ ಸಮೇತ ತೆಗೆದರು. ಮಾವ ಎಚ್ಚರವಾಗಿಯೇ ಇದ್ದರು, ಮೂಗಿನ ಸುತ್ತ ಮಾತ್ರ ಮರಗಟ್ಟಿಸಿದ್ದರು. "ತಾತಾ, ಮಾತಾಡಬೇಡಿ, ಮೂಗು ಅಲ್ಲಾಡುತ್ತೆ," ಎಂದು ನರ್ಸಮ್ಮ ಗದರಿದರಂತೆ. "ನಾನ್ ಬಾಯಲ್ಲಿ ತಾನೇ ಮಾತಾಡ್ತಿರೋದುಂಗ," ಎಂದರಂತೆ ಮಾವ. ತೆಗೆದ ಚೂರಿನ ಅಂಚುಗಳಲ್ಲಿ ಕ್ಯಾನ್ಸರು ಉಳಿದಿಲ್ಲವೆಂದು ರಿಪೋರ್ಟು ಬರುವವರೆಗೆ ಗಾಯಕ್ಕೆ ಬರಿ ಪಟ್ಟಿ. ಆ ದಿನಗಳಲ್ಲಿ ಮಾವ ಚೆನ್ನಾಗಿ ನಿದ್ದೆ ಮಾಡಿದರು, ಅವರ ಪರವಾಗಿ ನಾನು ಎಚ್ಚರವಿದ್ದೆ. ಅಂಚು ಶುದ್ಧವೆಂದು ಬಂತು.

ನಿಜವಾದ ತಮಾಷೆ ಅಲ್ಲಿಂದ ಮುಂದೆ. ಮೂಗಿನಲ್ಲಾದ ಕುಳಿಯನ್ನು ಮುಚ್ಚಲು ಹಣೆಯಿಂದ ಒಂದು ಪಟ್ಟಿ ಚರ್ಮ ಇಳಿಸಿದರು. ಬೇರೆ ಮಾಡಿ ಅಂಟಿಸುವುದಿಲ್ಲ. ಒಂದು ತುದಿ ಹುಬ್ಬಿನ ಹತ್ತಿರ ಅಂಟಿಕೊಂಡೇ ಇರುತ್ತದೆ, ಇನ್ನೊಂದು ತುದಿಯನ್ನು ತಿರುಗಿಸಿ ಮೂಗಿಗೆ ಹೊಲಿಯುತ್ತಾರೆ. ಹುಬ್ಬಿನ ಕಡೆಯಿಂದ ರಕ್ತ ಹರಿದು ಬಂದು ಮೂಗಿನ ಮೇಲೆ ಅದು ಬೇರೂರುವವರೆಗೆ ಮೂರು ವಾರ ಆ ಸೇತುವೆಯನ್ನು ಮುಟ್ಟುವಂತಿಲ್ಲ.

"ಹೊಸ ಪಾವು ಕೂಡ್ಕೊಳ್ಳೋ ತನಕ ಹಳೇದನ್ನ ಕತ್ತರಿಸೋ ಹಾಗಿಲ್ಲ. ಅಷ್ಟೇ ತಾನೇ?" ಎಂದು ಮಾವ ನನಗೆ ತಿಳಿಸಿ ಹೇಳಿದರು. ನಾನು ಫೋನಿನಲ್ಲಿ ಆ ಚಿಕಿತ್ಸೆಯ ಚಿತ್ರಗಳನ್ನು ನೋಡಿ ಆಗಲೇ ಊಟ ಬಿಟ್ಟಿದ್ದೆ.

ಹೀಗೆ ಹಣೆಯಿಂದ ಮೂಗಿಗೆ ಒಂದು ಪುಟ್ಟ ಸೊಂಡಿಲು ಇಳಿಬಿಟ್ಟುಕೊಂಡು ಮಾವ ಊರಿಗೆ ಬಂದರು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಮಾರನೆಯ ಬೆಳಿಗ್ಗೆ ಜಗಲಿಯ ಮೇಲೆ ಒಂದು ಹಿಡಿ ಗರಿಕೆ ಇತ್ತು, ಅದರ ಮುಂದಿನ ದಿನ ಗರಿಕೆಯ ಜೊತೆ ಒಂದು ಬಟ್ಟಲು ಕೊಳುಕಟ್ಟೆ, ನಮ್ಮ ಕಡೆಯ ಕಡುಬು. ಇಟ್ಟವರು ಕೀಟಲೆಗೆ ಇಟ್ಟರೋ ಭಕ್ತಿಗೆ ಇಟ್ಟರೋ ಅವರಿಗೇ ಗೊತ್ತಿರಲಿಲ್ಲ. ಮಾವ ಗರಿಕೆಯನ್ನು ಆಡಿಗೆ ಹಾಕಿ ಕೊಳುಕಟ್ಟೆಯನ್ನು ತಾವೇ ತಿಂದರು. ಮೂಗಿನ ಮೇಲೆ ನೊಣ ಕೂತರೆ ಅವರಿಗೆ ಹಣೆಯಲ್ಲಿ ಕಚಗುಳಿಯಾಗುತ್ತಿತ್ತು. ಚರ್ಮಕ್ಕೆ ತಾನು ಮನೆ ಬದಲಾಯಿಸಿದ್ದು ಇನ್ನೂ ತಿಳಿದಿರಲಿಲ್ಲ. ಅವರು ಹಣೆಯ ಮೇಲೆ ಹೊಡೆದುಕೊಳ್ಳುವುದು, ನೊಣ ಮೂಗಿನ ಮೇಲೆ ನಿಶ್ಚಿಂತೆಯಾಗಿ ಕೂತಿರುವುದು, ಇದನ್ನು ನೋಡುವುದಕ್ಕೇ ಜನ ಬರುತ್ತಿದ್ದರು.

ಮೂರು ವಾರದ ಮೇಲೆ ಸೊಂಡಿಲು ಕತ್ತರಿಸಿದರು. ಉಳಿದದ್ದು ಒಂದು ಮೂಗು, ಸ್ವಲ್ಪ ದಪ್ಪ. ಪಟ್ಟಿಯ ತುದಿ ಕೂದಲಿನ ಗಡಿಯಿಂದ ಬಂದದ್ದರಿಂದ ಅದರ ಮೇಲೆ ಎರಡು ಮೂರು ಕೂದಲು ಚಿಗುರುತ್ತಿದ್ದವು. ಗಡ್ಡ ಮಾಡಿಕೊಳ್ಳುವಾಗ ಮಾವ ಮೂಗನ್ನೂ ಮಾಡಿಕೊಳ್ಳುತ್ತಿದ್ದರು. ಬಿಸಿಲಿಗೆ ಹೋಗುವಾಗ ಕೊಡೆ ಹಿಡಿಯಬೇಕು, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಒಮ್ಮೆ ಬಂದವರಿಗೆ ಬೇರೆ ಕಡೆ ಹೊಸದು ಬರಬಹುದು ಎಂದಿದ್ದರು ಡಾಕ್ಟರಮ್ಮ. ಎಲ್ಲ ಸರಿಯಾಗಿತ್ತು. ಮಚ್ಚೆಯಿರಲಿಲ್ಲ, ಅಷ್ಟೇ.

ಕರೆ ಬರುವುದು ನಿಂತಿತು. ಜಗಳವೇನೂ ಇಲ್ಲ. ಮೇಲ್ಮನೆ ಅಣ್ಣ ಮಾವನ ಜಗಲಿಯ ಮುಂದೆ ಹೋಗುವಾಗ ಫೋನು ಕಿವಿಗಿಟ್ಟುಕೊಳ್ಳಲು ಕಲಿತ. ಪಕ್ಕದ ಊರಿನಿಂದ ಆರು ಬೆರಳಿನ ಒಬ್ಬರನ್ನು ಹುಡುಕಿ ತಂದನೆಂದೂ, ಆರನೆಯ ಬೆರಳು ಎಳೆಗೆ ಸಿಕ್ಕಿಕೊಂಡು ಕಾಫಿ ಆರಿಹೋಯಿತೆಂದೂ ಸುದ್ದಿ ಬಂತು. ಮಾವನನ್ನು ನಗಿಸಲೆಂದು ನಾನು ಅದನ್ನು ಹೇಳಿದೆ. ಅವರು ನಗಲಿಲ್ಲ. ಹೊಸ ಹಾಸು ಏರುವ ಒಳ್ಳೆಯ ದಿನಗಳಲ್ಲಿ ಅವರು ಇಸ್ತ್ರಿಯಾದ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಎಲ್ಲಿಗೆ ಹೊರಟಿರಿ ಮಾವ ಎಂದರೆ, "ಸುಮ್ನೆ, ಸೆಕೆ," ಎನ್ನುತ್ತಿದ್ದರು.

ಅತ್ತೆ ಇದನ್ನೆಲ್ಲ ಒಳಗಿನಿಂದ ನೋಡುತ್ತಿದ್ದರು. ಒಂದು ದಿನ ಗೊತ್ತಾಯಿತು, ಬೀದಿಯ ಕೊನೆಯಲ್ಲಿ ಓಡದೆ ನಿಂತಿದ್ದ ಒಂದು ಮಗ್ಗವನ್ನು ಅವರು ಬಾಡಿಗೆಗೆ ಹಿಡಿದಿದ್ದಾರೆ ಎಂದು. ಮುಂದಿನ ಶನಿವಾರ ಸಂಜೆ, ಬೀದಿಯವರೆಲ್ಲ ನಳದ ನೀರಿಗೆ ನಿಂತಿದ್ದ ಹೊತ್ತಿನಲ್ಲಿ, ಅತ್ತೆ ಹಿತ್ತಿಲಿನಿಂದ ಸುತ್ತು ಹಾಕಿಕೊಂಡು ಬೀದಿಗೆ ಬಂದು ತಮ್ಮದೇ ಮನೆಯ ಜಗಲಿಯ ಮುಂದೆ ನಿಂತರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆ, ಬಾಳೆಹಣ್ಣು. ಮಾವ ಪೇಪರಿನಿಂದ ತಲೆಯೆತ್ತಿದರು.

"ನಾಳೆ ನಮ್ಮಲ್ಲಿ ಹೊಸ ಪಾವು," ಎಂದರು ಅತ್ತೆ, ಪರಿಚಯವೇ ಇಲ್ಲದವರ ಹತ್ತಿರ ಆಡುವ ದನಿಯಲ್ಲಿ. "ತಾವು ಬಂದು ಮೊದಲನೇ ಎಳೆ ಕೂಡ್ಸಿ ಕೊಡ್ಬೇಕುಂಗ."

ಮಾವ ತಟ್ಟೆಯನ್ನು ನೋಡಿದರು, ಅತ್ತೆಯನ್ನು ನೋಡಿದರು, ನಳದ ಹತ್ತಿರ ಕೊಡ ತುಂಬಿ ಹರಿಯುತ್ತಿದ್ದರೂ ಇತ್ತಲೇ ತಿರುಗಿ ನಿಂತಿದ್ದ ಬೀದಿಯನ್ನು ನೋಡಿದರು. ಬೆನ್ನು ನೆಟ್ಟಗಾಯಿತು.

"ಮನೇಲಿ ಕೇಳಿ ಹೇಳ್ತೀನಿ," ಎಂದರು.

"ಮನೇಲಿ ಕೇಳಿ ಆಯ್ತು. ಸರಿ ಅಂದಿದಾರೆ," ಎಂದರು ಅತ್ತೆ.

ಭಾನುವಾರವಾದ್ದರಿಂದ ನಾನೂ ಹೋಗಿದ್ದೆ. ಬೀದಿಯ ಮುಕ್ಕಾಲು ಪಾಲು ಆ ಸಣ್ಣ ಶೆಡ್ಡಿನಲ್ಲಿತ್ತು, ಮೇಲ್ಮನೆ ಅಣ್ಣ ಬಾಗಿಲಲ್ಲಿ, ಫೋನು ಜೇಬಿನಲ್ಲಿ. ಮಾವ ಬೂದಿ ಮುಟ್ಟಿ, ಕಣ್ಣು ಮುಚ್ಚಿ, ಎರಡು ಎಳೆ ಸೇರಿಸಿ ಹೊಸೆದು ಮೆಲ್ಲಗೆ ಎಳೆದರು. ಎಳೆ ಪಟ್ಟೆಂದು ಹರಿಯಿತು. ಮೇಲ್ಮನೆ ಅಣ್ಣನ ಕೈ ಜೇಬಿನ ಫೋನಿಗೆ ಹೋಯಿತು. ನಾನಂತೂ ಮೂಗು, ಮಗ್ಗ, ಬಾಡಿಗೆ, ಎಲ್ಲದರ ಕೊನೆಯನ್ನೂ ಆ ಗಳಿಗೆಯಲ್ಲೇ ಕಂಡುಬಿಟ್ಟೆ. ಮಾವ ಕಣ್ಣು ತೆರೆದು, ಹೊಸ ಮೂಗನ್ನು ಬೂದಿಗೈಯಿಂದ ಒಮ್ಮೆ ಮುಟ್ಟಿಕೊಂಡರು.

"ಹೊಸದು," ಎಂದರು ಎಲ್ಲರಿಗೂ ಕೇಳುವ ಹಾಗೆ. "ಇನ್ನೂ ಪಳಗ್ಬೇಕು."

ಮೊದಲು ನಕ್ಕವರು ಅತ್ತೆ. ಆಮೇಲೆ ಶೆಡ್ಡು ನಕ್ಕಿತು, ಬಾಗಿಲೂ ನಕ್ಕಿತು. ಮಾವ ಮತ್ತೆ ಹೊಸೆದರು. ಈ ಸಲ ಎಳೆ ನಿಂತಿತು. ಅವರು ಅಂಗಿ ಕೊಡವಿಕೊಂಡು ಏಳಲು ಹೋದರು, ಕಾಫಿ ಎಲ್ಲಿ ಎಂದು ಕಣ್ಣಿನಲ್ಲೇ ಹುಡುಕಿದರು.

"ಎಲ್ಲಿಗೆ?" ಎಂದರು ಅತ್ತೆ. "ಮೊದಲನೇದು ರಾಸಿಗೆ. ಮಿಕ್ಕಿದ್ದನ್ನ ಯಾರು, ಆ ಡಾಕ್ಟ್ರಮ್ಮ ಬಂದು ಕೂಡಿಸ್ತಾರಾ? ಕೂತ್ಕೊಳ್ಳಿ."

ಸಂಜೆ ಆ ಕಡೆ ಹೋದಾಗ ಇಣುಕಿ ನೋಡಿದೆ. ಬಿಳಿ ಅಂಗಿ ಮೊಳೆಗೆ ನೇತಾಡುತ್ತಿತ್ತು. ಹಾಸಿನ ಆ ತುದಿಯಿಂದ ಅತ್ತೆ, ಈ ತುದಿಯಿಂದ ಮಾವ, ಬನಿಯನ್ನಿನಲ್ಲಿ, ತಲೆ ಬಗ್ಗಿಸಿ ಹೊಸೆಯುತ್ತಿದ್ದರು. ಮಧ್ಯೆ ಇನ್ನೂ ಬಹಳ ಎಳೆಗಳಿದ್ದವು.

"ಕಾಫಿ ಆಯ್ತಾ ಮಾವ?" ಎಂದೆ.

ಅವರು ಬೂದಿ ಹತ್ತಿದ ಮೂಗನ್ನು ನನ್ನ ಕಡೆ ಎತ್ತಿದರು. "ಇಷ್ಟು ವರ್ಷ ಒಂದು ಎಳೆ, ಒಂದು ಕಾಫಿ," ಎಂದರು. "ಮಚ್ಚೆ ತೆಗೆಸಿದ್ದೇ ತಪ್ಪಾಯ್ತು ಕಣ್ಣು. ಕೆಲಸ ಸಿಕ್ಕಿಬಿಡ್ತು."